ಸಡಿಲವಾಗದ ಪ್ಯಾಂಟು

ಪ್ಯಾಂಟಿನ ಹುಕ್ಕು ಇವತ್ತೂ ಸಲೀಸಾಗಿ ಹೋಗಿ ತನ್ನ ಜಾಗದಲ್ಲಿ ಕೂತಿತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಅದನ್ನು ಕಂಡು ಮಾಸ್ತರನಿಗೆ ಅಳು ಬರುವಂತಾಯಿತು. ಅಳತೆಗೆ ಸರಿಯಾಗಿ ಕೂತ ಪ್ಯಾಂಟಿನ ಮೇಲೆ ಜಗತ್ತಿನಲ್ಲಿ ಯಾರಾದರೂ ಸಿಟ್ಟು ಮಾಡಿಕೊಂಡದ್ದುಂಟೇ, ಅದರಲ್ಲೂ ಹೊಟ್ಟೆಪಾಡಿಗೆ ಪ್ಯಾಂಟು ಹೊಲಿಯುವ ಟೈಲರು? ಸೊಂಟಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದ. ಬೆರಳು ಯಾವಾಗಲೂ ಹೋಗುತ್ತಿದ್ದಷ್ಟೇ ಹೋಯಿತು. ಹೊಟ್ಟೆ ಒಳಗೆಳೆದುಕೊಂಡು ನೋಡಿದ, ಬಿಟ್ಟು ನೋಡಿದ, ಗಿರಾಕಿಗಳಿಗಾಗಿ ತೂಗುಹಾಕಿದ್ದ ಉದ್ದನೆಯ ಕನ್ನಡಿಯ ಎದುರು ಪಕ್ಕಕ್ಕೆ ತಿರುಗಿ ನಿಂತು ನೋಡಿದ. ಕನ್ನಡಿಯಲ್ಲಿದ್ದವನು ಅಚ್ಚುಕಟ್ಟಾಗಿದ್ದ. ಕತ್ತಿನಲ್ಲಿ ಟೇಪು ಜೋತುಬಿದ್ದಿತ್ತು. ಅದನ್ನು ಕೆಳಗಿಳಿಸಿ ಸೊಂಟಕ್ಕೆ ಸುತ್ತಿದರೆ ಒಂದು ಕ್ಷಣದ ಕೆಲಸ. ಆದರೆ ಊರವರ ಸೊಂಟಕ್ಕೆಲ್ಲ ಸುತ್ತಿದ ಆ ಟೇಪನ್ನು ತನ್ನ ಸೊಂಟಕ್ಕೆ ತರಲು ಅವನಿಗೆ ಯಾವತ್ತೂ ಧೈರ್ಯ ಬಂದಿರಲಿಲ್ಲ. ಟೇಪು ಮುಖ ನೋಡಿ ಮಾತಾಡುವುದಿಲ್ಲ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪ್ಯಾಂಟಾದರೂ ಸ್ವಲ್ಪ ದಾಕ್ಷಿಣ್ಯ ತೋರಿಸೀತು ಎಂದುಕೊಂಡಿದ್ದ. ಅದೂ ತೋರಿಸಲಿಲ್ಲ. ಹಿಂದಿನ ಕೋಣೆಯಿಂದ ಹೆಂಡತಿ, "ರೀ, ಟೀ ಆರೋಗ್ತಿದೆ," ಎಂದು ಕೂಗಿದಳು. ಅವನು ಅಂಗಿಯನ್ನು ಸರಿಮಾಡಿಕೊಂಡು ಒಳಗೆ ಹೋದ.

ಟೀಗೆ ಸಕ್ಕರೆ ಇರಲಿಲ್ಲ. ಸಕ್ಕರೆ ಬಿಟ್ಟ ದಿನ ಹೆಂಡತಿಗೆ "ಹಲ್ಲು ಝುಂ ಅನ್ನುತ್ತೆ ಕಣೇ" ಎಂದು ಸುಳ್ಳು ಹೇಳಿದ್ದ. ಅವಳು ಅವನ ಮುಖವನ್ನು ಒಮ್ಮೆ ನೋಡಿ ಸಕ್ಕರೆ ಡಬ್ಬಿಯನ್ನು ಮೇಲಿಟ್ಟಿದ್ದಳು. ಆ ಒಂದು ಸುಳ್ಳಿಗೆ ಹೊಂದುವಂತೆ ಎಷ್ಟೋ ಸುಳ್ಳು ಹೆಣೆಯಬೇಕಾಯಿತು: ಎರಡನೇ ಸಲ ಬಡಿಸಲು ಬಂದರೆ ಹೊಟ್ಟೆ ಭಾರ, ಕರಿದದ್ದನ್ನು ಮುಂದಿಟ್ಟರೆ ಗಂಟಲು ಕೆರೆತ, ಬೆಳಗಾಗುತ್ತಲೇ ಹೊರಟರೆ ಗಾಳಿ ಸೇವನೆ. ನಿಜ ಹೇಳಬಾರದೆಂದೇನಿರಲಿಲ್ಲ. ಆದರೆ ಹೇಳಿದ ಮೇಲೆ ಆಗದೇ ಹೋದರೆ? ಅದಕ್ಕಿಂತ ಮೊದಲು ಮಾಡಿ ತೋರಿಸಿ, ಒಂದು ದಿನ ಪ್ಯಾಂಟು ಸೊಂಟದಿಂದ ಜಾರುವಾಗ ಅವಳೇ ಬೆರಗಾಗಿ ಕೇಳಬೇಕು, ಆಗ ತಾನು ಏನೂ ಅಲ್ಲವೆಂಬಂತೆ ಕೈ ಬೀಸಿ ಹೇಳಬೇಕು ಎಂದು ಆಸೆ. ಇದನ್ನೆಲ್ಲ ಶುರುಮಾಡಿಸಿದ ಡಾಕ್ಟರಮ್ಮ ಅವನಿಗಿಂತ ವಯಸ್ಸಿನಲ್ಲಿ ಎಷ್ಟೋ ಚಿಕ್ಕವಳು, ಕುರ್ಚಿಯ ತುದಿಯಲ್ಲಿ ಕೂತು, "ಸಕ್ಕರೆ ಬಾಗಿಲ ಹತ್ರ ಬಂದು ನಿಂತಿದೆ ಮಾಸ್ತರೇ, ಇನ್ನೂ ಒಳಗೆ ಬಂದಿಲ್ಲ. ದಿನಾ ನಡೀರಿ. ಬಾಯಿ ಕಟ್ಟಿ. ಕೂತಲ್ಲೇ ಕೂರಬೇಡಿ. ಇದಾಗ್ಲಿಲ್ಲ ಅಂದ್ರೆ ಮುಂದಿನ ಸಲ ರಕ್ತ ನೋಡಿ ಮಾತ್ರೆ ಶುರು ಮಾಡೋಣ. ಶುರು ಮಾಡಿದ್ರೆ ಆಮೇಲೆ ಬಿಡೋದು ಕಷ್ಟ," ಎಂದಿದ್ದಳು. ತೂಕದ ಯಂತ್ರ ತಗೊಳ್ಳಬೇಕೇ ಎಂದು ಇವನು ಕೇಳಿದ್ದಕ್ಕೆ ನಕ್ಕುಬಿಟ್ಟಳು. "ನಿಮಗ್ಯಾಕೆ ಯಂತ್ರ? ಪ್ಯಾಂಟ್ ಸಡಿಲ ಆಗ್ತಾ ಬಂತು ಅಂದ್ರೆ ದೇಹ ನಿಮ್ಮ ಮಾತು ಕೇಳ್ತಿದೆ ಅಂತ ತಿಳ್ಕೊಳ್ಳಿ." ದೇಹ ಮಾತು ಕೇಳುತ್ತದೆ ಎನ್ನುವುದು ಅವನಿಗೆ ಹೊಸ ವಿಚಾರವಾಗಿತ್ತು. ಅದುವರೆಗೆ ದೇಹ ಹೇಳಿದ್ದನ್ನು ಇವನೇ ಕೇಳಿಕೊಂಡು ಬಂದಿದ್ದ. ಬರುವ ವಾರವೇ ಮತ್ತೆ ರಕ್ತ ಕೊಡಬೇಕು. ಪ್ಯಾಂಟು ಮಾತ್ರ ಒಂದು ನೂಲಿನಷ್ಟೂ ಅಲುಗಿಲ್ಲ.

ಮಾತ್ರೆಗೆ ಅವನು ಹೆದರಿದ್ದಲ್ಲ. ರಸ್ತೆಯಾಚೆಯ ಬೇಕರಿಯ ಗೆಳೆಯನೂ ನುಂಗುತ್ತಾನೆ, ನುಂಗಿ ಆರಾಮಾಗಿದ್ದಾನೆ. ಹೆದರಿದ್ದು ಬೇರೆ ಒಂದಕ್ಕೆ: ಈ ವಯಸ್ಸಿಗೆ ಬಂದ ಮೇಲೆ ತನ್ನಲ್ಲಿ ಇನ್ನು ಏನೂ ಬದಲಾಗುವುದಿಲ್ಲ, ಕೆಡುವುದೊಂದನ್ನು ಬಿಟ್ಟು, ಎನ್ನುವ ಮಾತು ನಿಜವಾಗಿಬಿಟ್ಟರೆ! ಅದು ಸುಳ್ಳೆಂದು ತೋರಿಸಿಕೊಳ್ಳಲು ಅವನಿಗಿದ್ದ ಸಾಕ್ಷಿ ಈ ಪ್ಯಾಂಟು ಒಂದೇ. ಮಷಿನ್ನಿನ ಮುಂದೆ ಕೂತು ಪೆಡಲ್ ತುಳಿಯುತ್ತ ಅದನ್ನೇ ಯೋಚಿಸುತ್ತಿದ್ದಾಗ ಬಾಬಿನ್ ಖಾಲಿಯಾಯಿತು. ತಕ್ಷಣ ಎದ್ದ. ಅದು ಅವನೇ ಮಾಡಿಕೊಂಡ ನಿಯಮ: ಬಾಬಿನ್ನಿನಲ್ಲಿ ನೂಲು ಮುಗಿದಾಗಲೆಲ್ಲ ಎದ್ದು ಶಟರ್‌ತನಕ ನಡೆದು, ಹಿಮ್ಮಡಿ ಎತ್ತಿ ಇಳಿಸಿ, ಮರಳಿ ಬರುವುದು. ನೀರಿನ ಬಾಟಲಿಯನ್ನೂ ಬೇಕೆಂದೇ ಕೈಗೆಟುಕದ ಹಾಗೆ ಬಟ್ಟೆಯ ಕಪಾಟಿನ ಆಚೆ ಇಟ್ಟಿದ್ದ. ಮೊದಮೊದಲು ಇದೆಲ್ಲ ತನ್ನೊಂದಿಗೆ ತಾನೇ ಆಡುವ ಆಟದಂತೆ ಖುಷಿ ಕೊಟ್ಟಿತ್ತು. ಸೌತೆಕಾಯಿಯನ್ನು ಅಗಿದು ಅಗಿದು ತಿಂದರೆ ಅದರಲ್ಲೂ ಒಂದು ಸಿಹಿ ಇದೆ ಎಂದು ಕಂಡುಕೊಂಡ ದಿನ, ಇಷ್ಟು ವರ್ಷ ನಾನು ಬಾಯಲ್ಲಿ ತಿಂದಿರಲಿಲ್ಲ, ಬರೀ ಗಂಟಲಲ್ಲಿ ತಿಂದಿದ್ದೆ ಅನಿಸಿ ಒಬ್ಬನೇ ನಕ್ಕಿದ್ದ. ಬೆಳಗಿನ ರಸ್ತೆ ಅವನಿಗೆ ಗೊತ್ತೇ ಇರಲಿಲ್ಲ. ಮುಚ್ಚಿದ ಅಂಗಡಿಗಳ ಮೇಲೆ ಬೀಳುವ ಎಳೆಬಿಸಿಲು, ತೊಳೆದ ಕಲ್ಲಿನ ವಾಸನೆ, ಪಾರ್ಕಿನ ಬೆಂಚಿನ ಕೆಳಗೆ ಮೈಮುರಿಯುವ ನಾಯಿ. ಎಲಾಸ್ಟಿಕ್ಕಿನ ಹಳೆಯ ಪೈಜಾಮ ತೊಟ್ಟು ಅವನು ಒಂದು ಸುತ್ತು ಹಾಕುವಷ್ಟರಲ್ಲಿ ಹೆಡ್ ಮೇಡಂ ಎಷ್ಟೋ ಸುತ್ತು ಹಾಕಿ ಮುಗಿಸುತ್ತಿದ್ದರು. ನಿವೃತ್ತರಾಗಿ ಎಷ್ಟು ಕಾಲವಾದರೂ ಶಾಲೆ ಅವರನ್ನು ಬಿಟ್ಟಿರಲಿಲ್ಲ. ಪ್ರತಿ ಸಲ ಹಿಂದಿನಿಂದ ಬಂದು, "ಬನ್ನಿ ಮಾಸ್ತರೇ, ಬನ್ನಿ ಬನ್ನಿ, ಕೈ ಬೀಸಿ," ಎಂದು ಹಿಂದುಳಿದ ಹುಡುಗನಿಗೆ ಹೇಳುವಂತೆ ಹೇಳಿ ಮುಂದೆ ಹೋಗಿಬಿಡುತ್ತಿದ್ದರು. ಇವನು ಕೈ ಬೀಸುತ್ತಿದ್ದ. ಅದೂ ಅವನಿಗೆ ಬೇಜಾರಾಗಿರಲಿಲ್ಲ.

ಮಧ್ಯಾಹ್ನಕ್ಕೆ ಮೊದಲು ಬಂದ ಗಿರಾಕಿ ಹಳೆಯವನು, ಮಗನ ಮದುವೆಗೆ ಕೋಟು ಹೊಲಿಸಬೇಕಿತ್ತು. ಟೇಪು ಅವನ ಹೊಟ್ಟೆಯ ಸುತ್ತ ಹೋಗುವಾಗ ಆತ ಉಸಿರು ಬಿಗಿಹಿಡಿದು ಸೀಲಿಂಗ್ ನೋಡುತ್ತ ನಿಂತ. ಮಾಸ್ತರ ಸಂಖ್ಯೆಯನ್ನು ಜೋರಾಗಿ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡ. ಅಷ್ಟು ಮರ್ಯಾದೆ ಅವನು ಎಲ್ಲರಿಗೂ ಕೊಡುತ್ತಿದ್ದ. ಉಸಿರು ಬಿಟ್ಟ ಗಿರಾಕಿ ಇವನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ ಮಾಸ್ತರೇ, ನಾವೆಲ್ಲ ಹೀಗೆ ಊದಿಕೊಂಡ್ವಿ, ನೀವು ಮಾತ್ರ ಹಾಗೇ ಇದ್ದೀರಲ್ಲ!" ಎಂದ. ಈ ಮಾತಿಗೆ ಮಾಸ್ತರನಲ್ಲಿ ಒಂದು ಸಿದ್ಧ ಉತ್ತರವಿತ್ತು. ಮದುವೆಯಾದ ವರ್ಷ ಕಂದು ಕಾಗದದಲ್ಲಿ ತನಗಾಗಿ ಕತ್ತರಿಸಿಕೊಂಡ ಪ್ಯಾಂಟಿನ ಅಳತೆಯ ಅಚ್ಚು ಈಗಲೂ ಗೋಡೆಯ ಮೊಳೆಗೆ ತೂಗುತ್ತಿತ್ತು. ಇವತ್ತಿಗೂ ನನ್ನ ಪ್ಯಾಂಟಿನ ಬಟ್ಟೆಯ ಮೇಲೆ ಅದನ್ನಿಟ್ಟೇ ಕತ್ತರಿಸುತ್ತೇನೆ, ಹೆಂಡತಿ ಹೊಲಿಯುತ್ತಾಳೆ, ಬೆಲ್ಟಿನ ಹಂಗಿಲ್ಲದೆ ಸೊಂಟದಲ್ಲಿ ನಿಲ್ಲುತ್ತದೆ, ಎಂದು ಅದರ ಕಡೆ ಬೊಟ್ಟು ಮಾಡಿ ಹೇಳುವುದು. ಹಾಗೆ ಹೇಳುವಾಗೆಲ್ಲ ಒಳಗೆ ಹೊಲಿಯುತ್ತ ಕೂತ ಹೆಂಡತಿಯ ಮಷಿನ್ನು ಕೊಂಚ ಜೋರಾಗಿ ಓಡುತ್ತಿತ್ತೆಂದು ಅವನಿಗೆ ಈಗ ಯಾಕೋ ನೆನಪಾಯಿತು. ಇವತ್ತು ಅಚ್ಚಿನ ಕಡೆ ತಿರುಗದೆ ಟೇಪನ್ನು ಮತ್ತೆ ಕತ್ತಿಗೆ ಹಾಕಿಕೊಂಡ. ಹಾಗೇ ಇದ್ದೀರಿ ಎನ್ನುವ ಹೊಗಳಿಕೆ ಚುಚ್ಚಿತು. ಹಾಗೇ ಇರುವುದಕ್ಕೆ ಇಷ್ಟೆಲ್ಲ ಮಾಡಬೇಕಿತ್ತೇ? ಗಿರಾಕಿ ಹೊರಡುವಾಗ ಮತ್ತೆ ತಿರುಗಿ, "ಮುಖ ಮಾತ್ರ ಇಳಿದಿದೆ ನೋಡಿ. ಹುಷಾರಿಲ್ವಾ?" ಎಂದ. ಮೈ ಇಳಿಯದೆ ಮುಖ ಮಾತ್ರ ಇಳಿದಿದೆ ಎಂದರೆ ಅದು ಕಾಯಿಲೆಯೇ ಇರಬೇಕೆಂದು ಮಾಸ್ತರ ಲೆಕ್ಕ ಹಾಕಿದ. ಆಮೇಲೆ ಇಡೀ ದಿನ ಅವನ ಕೆಲಸ ಕೆಟ್ಟಿತು. ಒಂದು ಅಂಗಿಯ ಜೇಬನ್ನು ಬಲಗಡೆ ಕೂರಿಸಿ, ಬಿಚ್ಚಿ, ಎಡಗಡೆಗೆ ತಂದ.

ಸಂಜೆ ಬೇಕರಿಯವನು ರಸ್ತೆ ದಾಟಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಇಬ್ಬರೂ ಒಂದೇ ಕಾಲದಲ್ಲಿ ಅಂಗಡಿ ಹಾಕಿದವರು. ದಿನಾ ಸಂಜೆ ಮೊದಲ ಬಿಸಿ ಬನ್ನು ಬೆಣ್ಣೆ ಸವರಿಕೊಂಡು ಈ ಮೆಟ್ಟಿಲಿಗೆ ಬರುವುದು, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ತಿನ್ನುವುದು ನಡೆದುಬಂದ ರೂಢಿ. ಈಗ ಬನ್ನು ಬರುವುದಿಲ್ಲ. "ನಿಜ ಹೇಳು, ನನ್ನ ಮೇಲೆ ಏನಾದ್ರೂ ಸಿಟ್ಟಾ? ಹಲ್ಲು ನೋವು ಅಂತೀಯ, ಎದುರಿಗೇ ಕಟಕಟ ಅಂತ ಕ್ಯಾರೆಟ್ ಕಡೀತೀಯ," ಎಂದ. ಮಾಸ್ತರನಿಗೆ ನಾಚಿಕೆಯಾಯಿತು. ಯಾರಿಗೂ ಒಳ್ಳೆಯದಾಗದ ಒಂದು ಹಟಕ್ಕೆ ಗೆಳೆಯನ ಮನಸ್ಸನ್ನೂ ನೋಯಿಸಿದೆನಲ್ಲ! ಹೆಂಡತಿ ಒಳಗಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಅವಳ ತುಟಿಯಂಚಿನಲ್ಲಿ ನಗುವಿತ್ತೋ ಇಲ್ಲವೋ ತಿಳಿಯಲಿಲ್ಲ. "ನಾಳೆಯಿಂದ ಬನ್ನು ತಾ ಮಾರಾಯ," ಎಂದು ಮಾಸ್ತರ ಹೇಳಿಬಿಟ್ಟ. ಹೇಳಿದ ಮೇಲೆ ಹಗುರವಾಗಬೇಕಿತ್ತು, ಆಗಲಿಲ್ಲ.

ಆದರೂ ಮರುದಿನ ಬೆಳಕು ಹರಿಯುತ್ತಲೇ ಕಾಲು ತಾನಾಗಿ ಚಪ್ಪಲಿ ಬಿಟ್ಟು ಬೂಟಿಗೆ ಹೋಯಿತು. ಪಾರ್ಕಿನ ಒಳಗೆ ಹಿಂದಿನಿಂದ ಬಂದ ಹೆಡ್ ಮೇಡಂ, "ಬನ್ನಿ ಬನ್ನಿ," ಎನ್ನುವಷ್ಟರಲ್ಲಿ ಅವನೊಳಗೆ ಏನೋ ಪಟ್ಟನೆ ಕಡಿದುಹೋಯಿತು. ಯಾಕೆ ಬರಬೇಕು? ಬಂದು ಆದದ್ದೇನು? ಅರ್ಧ ಸುತ್ತಿನಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಂದ ದಾರಿಯಲ್ಲೇ ತಿರುಗಿದ. ಬೇಕರಿಯ ಒಲೆಯಿಂದ ಆಗಷ್ಟೇ ಟ್ರೇ ಹೊರಬಂದಿತ್ತು. ಗೆಳೆಯ ಒಂದು ದೊಡ್ಡ ಬನ್ನನ್ನು ಸೀಳಿ ಬೆಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿಕೊಟ್ಟ. ಅಲ್ಲೇ ನಿಂತು ತಿನ್ನಲು ಮನಸ್ಸಾಗಲಿಲ್ಲ. ಸೋಲುವುದೇ ಆದರೆ ಮನೆಯಲ್ಲಿ ಕೂತು, ಹೆಂಡತಿಯ ಎದುರಿಗೇ, ಸಕ್ಕರೆ ಹಾಕಿದ ಟೀಯ ಜೊತೆ ಸೋಲಬೇಕು. ಬನ್ನಿನ ಬಿಸಿ ಅಂಗೈಗೆ ತಾಗುತ್ತಿತ್ತು. ಹಿಂದಿನ ಬಾಗಿಲಿನಿಂದ ಒಳಗೆ ಬರುವಾಗ ಮಷಿನ್ನಿನ ಸದ್ದು ಕೇಳಿಸಿತು. ಇಷ್ಟು ಬೇಗ ಅವಳು ಯಾರ ಬಟ್ಟೆ ಹೊಲಿಯುತ್ತಿದ್ದಾಳೆ? ಪರದೆ ಸರಿಸಿದ. ಸೂಜಿಯ ಕೆಳಗೆ ಇದ್ದದ್ದು ಅವನ ಪ್ಯಾಂಟು. ಸೊಂಟಪಟ್ಟಿಯ ಹಿಂಭಾಗ ಬಿಚ್ಚಿಕೊಂಡು ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿತ್ತು.

ಪ್ಯಾಂಟಿನ ಹಿಂದಿನ ಹೊಲಿಗೆಯನ್ನು ಯಾಕೆ ಬಿಚ್ಚುತ್ತಾರೆ ಎನ್ನುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡುವಯಸ್ಸು ದಾಟಿದ ಗಂಡಸರು ದನಿ ತಗ್ಗಿಸಿ, "ಸ್ವಲ್ಪ ಸಡಿಲ ಮಾಡಿಕೊಡಿ ಮಾಸ್ತರೇ, ಒಗೆದ ಮೇಲೆ ಬಟ್ಟೆ ಕುಗ್ಗಿದೆ," ಎಂದು ಸುಳ್ಳು ಹೇಳಿಕೊಂಡು ಬರುವುದು ಅದಕ್ಕೇ ಅಲ್ಲವೇ. ಅಂದರೆ ನಡೆದೂ ನಡೆದೂ ತಾನು ಇನ್ನೂ ಊದುತ್ತಿದ್ದೇನೆ, ಅದು ತನಗೆ ತಿಳಿಯದಿರಲೆಂದು ಇವಳು ಕದ್ದು ಸಡಿಲ ಮಾಡುತ್ತಿದ್ದಾಳೆ! ಅವನು ಪ್ಯಾಂಟನ್ನು ಅವಳ ಕೈಯಿಂದ ಕಿತ್ತುಕೊಂಡು ಒಳಮೈ ಹೊರಗೆ ಮಾಡಿದ. ಬೆಳಕಿಗೆ ಹಿಡಿದ. ಹೊಲಿಗೆಯ ಪಕ್ಕದಲ್ಲಿ ಸೂಜಿ ಚುಚ್ಚಿದ ಸಣ್ಣ ತೂತುಗಳು ಸಾಲುಸಾಲಾಗಿ ಕಂಡವು, ಒಂದರ ಪಕ್ಕ ಒಂದು. ಅವುಗಳ ನಡುವೆ ಅವನು ಕತ್ತರಿಸಿರದ ಬೇರೆ ಬಟ್ಟೆಯ ಒಂದು ಪಟ್ಟಿಯೂ ಅಗಲಕ್ಕೆಂದು ಸೇರಿಕೊಂಡಿತ್ತು, ಹೊರಗಿನಿಂದ ಯಾರಿಗೂ ಗೊತ್ತಾಗದಷ್ಟು ನಾಜೂಕಾಗಿ. ಗೋಡೆಯ ಮೇಲಿನ ಕಂದು ಕಾಗದದ ಕಡೆ ಅವನು ತಿರುಗಿ ನೋಡಲಿಲ್ಲ, ನೋಡುವ ಮುಖ ಇರಲಿಲ್ಲ. ಎಷ್ಟು ಗಿರಾಕಿಗಳ ಎದುರು ಎದೆಯುಬ್ಬಿಸಿ ಹೇಳಿದ್ದ!

"ಎಷ್ಟು ಕಾಲದಿಂದ ಇದು?" ಎಂದ.

"ಯಾವುದು?"

"ನನ್ನ ಕಣ್ಣಿಗೆ ಮಣ್ಣೆರಚೋದು."

ಅವಳು ಪೆಡಲಿನಿಂದ ಕಾಲು ತೆಗೆದಳು. "ಮಗಳು ಹುಟ್ಟಿದ ವರ್ಷದಿಂದ," ಎಂದಳು, ಅಂಗಡಿಗೆ ಬಂದವರಿಗೆ ಬಟ್ಟೆ ಯಾವತ್ತು ಕೊಡುತ್ತೇವೆಂದು ಹೇಳುವಷ್ಟು ಸಹಜವಾಗಿ. "ಅವತ್ತು ಹೊಸ ಪ್ಯಾಂಟ್ ಹಾಕ್ಕೊಂಡು ಉಸಿರಾಡೋಕಾಗದೆ ನಿಂತಿದ್ರಿ. ಕಟಿಂಗ್ ತಪ್ಪಿತೇನೋ ಅಂತ ತಲೆ ಕೆಡಿಸಿಕೊಂಡ್ರಿ. ನಿಮ್ಮ ಕೈ ತಪ್ತು ಅಂತ ನಿಮಗನ್ನಿಸೋದು ನನಗೆ ನೋಡೋಕಾಗ್ಲಿಲ್ಲ. ಬಿಚ್ಚಿ ಹೊಲಿದೆ. ಆಮೇಲೆ ಅಚ್ಚು ಅಚ್ಚು ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡೋಕೆ ಶುರು ಮಾಡಿದ್ರಿ. ಇನ್ನು ನಾನೇನು ಹೇಳ್ಲಿ?"

"ಹೇಳಬೇಕಿತ್ತು."

"ಹೇಳಬೇಕಿತ್ತು," ಎಂದು ಅವಳು ಒಪ್ಪಿಕೊಂಡಳು. ಬಿಚ್ಚಿದ ನೂಲಿನ ತುಣುಕುಗಳನ್ನು ಮೇಜಿನಿಂದ ಒಂದೊಂದಾಗಿ ಹೆಕ್ಕಿದಳು. "ನೀವು ಟೀಗೆ ಸಕ್ಕರೆ ಬೇಡ ಅಂದ ದಿನಾನೇ ಗೊತ್ತಾಯ್ತು ನನಗೆ, ಡಾಕ್ಟರ್ ಹತ್ರ ಹೋಗಿದ್ರಿ ಅಂತ. ಆಗ ಅನ್ನಿಸ್ತು. ಮುಚ್ಚಿಟ್ಟಿದ್ದು ನಾನೇ ಅಲ್ವಾ ಅಂತ."

ಅವಳ ಕಣ್ಣಲ್ಲಿ ನೀರಿತ್ತು. ಮಾಸ್ತರನಿಗೆ ಸಿಟ್ಟು ಬರಬೇಕೆನಿಸಿತು, ಬಂದದ್ದು ಬರೀ ದಣಿವು. "ಇರಲಿ ಬಿಡು. ಹೊಲಿ. ಎಷ್ಟು ಬೇಕೋ ಅಷ್ಟು ಸಡಿಲ ಮಾಡು," ಎಂದು ಪ್ಯಾಂಟನ್ನು ಮೇಜಿನ ಮೇಲೆ ಹಾಕಿ, ಬನ್ನನ್ನೂ ಅದರ ಪಕ್ಕದಲ್ಲಿಟ್ಟ. "ನಾಳೆಯಿಂದ ನಾನು ಹೋಗಲ್ಲ. ನನ್ನ ಕೈಲಿ ಆಗಲ್ಲ ಕಣೇ."

ಅವಳು ತಲೆಯೆತ್ತಿದಳು. ಅವನನ್ನು ನೋಡಿದಳು, ಪ್ಯಾಂಟನ್ನು ನೋಡಿದಳು, ಬನ್ನನ್ನು ನೋಡಿದಳು. "ಸಡಿಲ?" ಎಂದಳು. "ರೀ, ಸಡಿಲ ಮಾಡೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು. ನಾನು ಹಿಡೀತಾ ಇದ್ದೀನಿ."

ಮಾತು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಹಿಡೀತಾ ಇದ್ದೀನಿ, ಬಿಗಿ ಮಾಡ್ತಾ ಇದ್ದೀನಿ ಅಂದೆ. ನೀವು ಬೆಳಿಗ್ಗೆ ವಾಕಿಂಗ್ ಹೋಗ್ತೀರಲ್ಲ, ಆಗ. ಇದು ಎಷ್ಟನೇ ಸಲವೋ, ಲೆಕ್ಕ ಇಟ್ಟಿಲ್ಲ. ಇನ್ನು ಹಿಡಿಯೋಕೆ ಜಾಗ ಇಲ್ಲ, ಹಿಂದಿನ ಜೇಬೆರಡೂ ಹತ್ರ ಹತ್ರ ಬಂದ್ಬಿಟ್ಟಿವೆ, ನೋಡ್ಲಿಲ್ವಾ?"

ಮಾಸ್ತರ ಮತ್ತೆ ಪ್ಯಾಂಟನ್ನು ಎತ್ತಿಕೊಂಡ. ಈಗ ಟೈಲರಿನ ಕಣ್ಣಿನಿಂದ ನೋಡಿದ. ತೂತುಗಳ ಸಾಲು ಹೊರಕ್ಕೆ ಹೋದದ್ದು ನಿಜ. ಅವುಗಳ ಸುತ್ತ ಬಟ್ಟೆಯ ಬಣ್ಣ ಮಾಸಿತ್ತು, ಹಳೆಯವು. ಹೊಸ ಹೊಲಿಗೆಗಳು ಆ ಪಟ್ಟಿಯನ್ನೂ ನುಂಗಿಕೊಂಡು ಒಳಗೊಳಗೆ ಬಂದಿದ್ದವು. ಒಳಗೆ ಮಡಚಿಕೊಂಡ ಬಟ್ಟೆ ದಪ್ಪನಾಗಿ ಕೈಗೆ ಸಿಕ್ಕಿತು. ಅಷ್ಟು ಬಟ್ಟೆ! ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಚುಕಿದ. ಅದು ಅವನದೇ, ಅವನಿಂದ ಇಳಿದುಹೋದದ್ದು. ಪ್ರತಿ ದಿನ ಹುಕ್ಕು ಹಾಕಿಕೊಂಡು ಕನ್ನಡಿಯ ಎದುರು ಸಾಯುವಷ್ಟು ಬೇಸರಪಟ್ಟದ್ದು, ರಕ್ತ ಕೊಡಲು ಹೋಗುವುದೇ ಬೇಡವೆಂದುಕೊಂಡದ್ದು, ಜೇಬನ್ನು ಬಲಕ್ಕೆ ಕೂರಿಸಿದ್ದು, ಎಲ್ಲ ನೆನಪಾಗಿ ಹೊಟ್ಟೆಯಿಂದ ನಗು ಉಕ್ಕಿತು. ತಡೆಯಲು ನೋಡಿದ, ಆಗಲಿಲ್ಲ. "ಯಾಕೆ ಹಿಡಿದ್ಯೇ? ಯಾಕೆ?" ಎಂದು ನಗುತ್ತಲೇ ಕೇಳಿದ.

"ಯಾಕೆ ಅಂದ್ರೆ? ಅಂಗಡಿ ಬಾಗಿಲಲ್ಲಿ ನಿಂತ ಟೈಲರ್ ಪ್ಯಾಂಟೇ ಜೋಲಾಡಿದ್ರೆ ಬಂದವರು ಏನಂದ್ಕೋತಾರೆ? ಸಡಿಲ ಕಂಡ್ರೆ ನನ್ನ ಕೈ ಸುಮ್ನಿರಲ್ಲ. ಅಷ್ಟೇ." ಅವಳಿಗೂ ನಗು ಬಂತು, ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ನಿಮಗೆ ಗೊತ್ತಾಗಿರುತ್ತೆ, ಹೇಳ್ಕೊಳ್ಳೋಕೆ ನಾಚಿಕೆ ಪಟ್ಕೊಂಡಿದ್ದೀರಿ ಅಂದ್ಕೊಂಡೆ."

ಅವನು ನಗು ನಿಲ್ಲಿಸಿ ಅವಳನ್ನು ನೋಡಿದ. ಟೇಪಿಲ್ಲದೆ, ಕೇಳದೆ, ಮುಟ್ಟದೆ, ಈ ಹೆಂಗಸು ತನ್ನ ಸೊಂಟವನ್ನು ವಾರವಾರವೂ ತಿಳಿದುಕೊಂಡೇ ಇದ್ದಳು. ತಾನು ಉಬ್ಬಿದ್ದು ಗೊತ್ತು, ಇಳಿದದ್ದು ಗೊತ್ತು. ಊರಿಗೆಲ್ಲ ಅಳತೆ ತೆಗೆಯುವ ತಾನು ಇವಳನ್ನು ಹೀಗೆ ನೇರವಾಗಿ ನೋಡಿ ಎಷ್ಟು ಕಾಲವಾಯಿತು? ಕುಪ್ಪಸದ ತೋಳು ಅವಳಿಗೆ ಯಾವಾಗ ಬಿಗಿಯಾಯಿತು, ಕನ್ನಡಕ ಯಾವಾಗ ಮೂಗಿನ ತುದಿಗೆ ಇಳಿಯಿತು, ಒಂದೂ ತಿಳಿಯದು. ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು, ತನ್ನ ಮೇಲೆ ನಾಚಿಕೆಯೂ. "ಏಳು," ಎಂದ.

"ಎಲ್ಲಿಗೆ?"

"ಅರ್ಧ ಸುತ್ತು ಬಾಕಿ ಇದೆ. ಮೊದಲು ಇದನ್ನು ಪೂರ್ತಿ ಬಿಚ್ಚಿ ಕೊಡು. ನೀನು ಹಿಡಿದದ್ದಷ್ಟನ್ನೂ."

"ಹುಚ್ಚಾ? ಉದುರಿಹೋಗುತ್ತೆ."

"ಉದುರಲಿ. ನಾನು ನೋಡಬೇಕು."

ಅವಳು ಗೊಣಗಿಕೊಂಡೇ ಬ್ಲೇಡು ತೆಗೆದು ಹೊಲಿಗೆಗಳನ್ನು ಸರಸರ ಬಿಚ್ಚಿ, ಸೊಂಟಪಟ್ಟಿಗೆ ದೊಡ್ಡ ಹೊಲಿಗೆಯ ಒಂದು ಓಟ ಓಡಿಸಿ ಅವನ ಕೈಗೆಸೆದಳು. ಪರದೆಯ ಹಿಂದೆ ಹೋಗಿ ಹಾಕಿಕೊಂಡ. ಹುಕ್ಕು ಹಾಕಿ ಕೈ ಬಿಟ್ಟೊಡನೆ ಪ್ಯಾಂಟು ಸೊಂಟದಿಂದ ಜಾರಿ ತೊಡೆಗೆ ಬಂತು. ಮತ್ತೆ ಎತ್ತಿ ಮತ್ತೆ ಬಿಟ್ಟ, ಮತ್ತೆ ಜಾರಿತು. ಪರದೆಯ ಹಿಂದೆ ಯಾರೂ ನೋಡದ ಕಡೆ ಅವನು ಎಷ್ಟೋ ಸಲ ಹಾಗೆ ಮಾಡಿದ. "ಒಳಗೆ ಏನ್ರೀ ಮಾಡ್ತಿದ್ದೀರಿ?" ಎಂದು ಅವಳು ಕೂಗಿದ ಮೇಲೆ ಸೊಂಟಪಟ್ಟಿಯನ್ನು ಎಡಗೈ ಮುಷ್ಟಿಯಲ್ಲಿ ಬಿಗಿಹಿಡಿದು ಹೊರಗೆ ಬಂದ.

ರಸ್ತೆಗೆ ಬಂದಾಗ ಬಿಸಿಲು ಅಂಗಡಿಯ ಬೋರ್ಡುಗಳವರೆಗೆ ಏರಿತ್ತು. ಹೆಂಡತಿ ಬನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟಿದ್ದಳು. "ಬಿಸಿ ಆರಿದ್ರೆ ಯಾರು ತಿಂತಾರೆ? ನನಗಂತೂ ಯಾವ ಡಾಕ್ಟರೂ ಏನೂ ಹೇಳಿಲ್ಲ," ಎಂದು ಒಂದು ತುಂಡು ಮುರಿದು ಅವನ ಬಾಯಿಗಿಟ್ಟು, ಉಳಿದದ್ದನ್ನು ತಾನು ತಿನ್ನುತ್ತ ನಡೆದಳು. ಆ ಒಂದು ತುಂಡನ್ನು ಅವನು ಪಾರ್ಕಿನ ಗೇಟಿನವರೆಗೂ ಅಗಿದ. ಬೆಣ್ಣೆಯ ಉಪ್ಪು, ಹಿಟ್ಟಿನ ಸಿಹಿ, ಸುಟ್ಟ ಅಂಚಿನ ಕಹಿ, ಒಂದೊಂದೂ ಬೇರೆಬೇರೆಯಾಗಿ ತಿಳಿಯಿತು. ಬೇಕರಿಯವನಿಗೆ ಇವತ್ತು ಸಂಜೆ ಎಲ್ಲ ಹೇಳಬೇಕು, ದಿನಾ ಹೀಗೆ ಒಂದೇ ತುಂಡು ಕೊಡು ಎನ್ನಬೇಕು ಎಂದುಕೊಂಡ. ಹೇಳಲು ಪಕ್ಕಕ್ಕೆ ತಿರುಗಿದರೆ ಹೆಂಡತಿ ಪಕ್ಕದಲ್ಲಿರಲಿಲ್ಲ. ಮುಂದೆ ಹೋಗಿಬಿಟ್ಟಿದ್ದಳು. ಹುಡುಗಿಯಾಗಿದ್ದಾಗಿನಿಂದ ಪೆಡಲ್ ತುಳಿದು ತುಳಿದು ಬಲಿತ ಕಾಲು. ಇಷ್ಟು ವರ್ಷ ಕುರ್ಚಿಯಲ್ಲಿ ಕೂತೇ ನಡೆದ ಅವಳು ಈಗ ನೆಲ ಸಿಕ್ಕಿದ್ದೇ ತಡ, ಒಂದೇ ಲಯದಲ್ಲಿ, ದಣಿವೇ ಇಲ್ಲದೆ ಹೋಗುತ್ತಿದ್ದಳು. ಹೆಡ್ ಮೇಡಂ ಎದುರಿನ ತಿರುವಿನಲ್ಲಿದ್ದರು. ಅವಳು ಅವರನ್ನೂ ಹಿಂದೆ ಹಾಕಿದಳು. ಮೇಡಂ ಬೆರಗಾಗಿ ನಿಂತು ಬನ್ನು ತಿನ್ನುತ್ತ ಹೋಗುವ ಹೆಂಗಸನ್ನು ನೋಡಿದರು, ಆಮೇಲೆ ಮುಷ್ಟಿಯಲ್ಲಿ ಪ್ಯಾಂಟು ಹಿಡಿದು ಏದುಸಿರು ಬಿಡುತ್ತ ಬರುತ್ತಿದ್ದ ಮಾಸ್ತರನನ್ನು ನೋಡಿದರು. "ಮಾಸ್ತರೇ, ಕೈ ಬೀಸಿ!" ಎಂದು ರೂಢಿಯಂತೆ ಹೇಳಿದರು. ಅವನು ಒಂದೇ ಕೈ ಬೀಸಿದ. ಹೆಂಡತಿ ದೂರದಿಂದ ತಿರುಗಿ ನೋಡಿ ನಕ್ಕಳು, ನಿಲ್ಲಲಿಲ್ಲ. ಆಗ ಅವನು ಓಡಲು ಶುರುಮಾಡಿದ. ಯಾವ ಕಾಲದಲ್ಲೋ ಬಿಟ್ಟ ಓಟ, ಮಂಡಿ ಮರೆತಿರಲಿಲ್ಲ. ನಾಯಿ ಬೆಂಚಿನ ಕೆಳಗಿನಿಂದ ಎದ್ದು ಜೊತೆಗೆ ಬಂತು. "ಏ, ನಿಲ್ಲೇ! ಪ್ಯಾಂಟು ಬೀಳ್ತಾ ಇದೆ ಕಣೇ!" ಎಂದು ಅವನು ಇಡೀ ಪಾರ್ಕಿಗೆ ಕೇಳಿಸುವಂತೆ ಕೂಗಿದ. ಇಷ್ಟು ಸಂತೋಷದ ಸುದ್ದಿಯನ್ನು ಅವನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.